ಮೂರನೇ ಗೂಟದ ಉಡುಪು

ಪರೀಕ್ಷಾ ವಿಭಾಗದ ದೊಡ್ಡ ಸಾಹೇಬರಿಗೆ, ಗಗನಯಾತ್ರಿಗಳ ಉಡುಪು ಒರೆಸಿಡುವವಳ ನಮಸ್ಕಾರಗಳು.

ಎಲ್ಲರೂ ಕ್ಷೇಮವೆಂದು ಬರೆಯಲು ಕೈ ಬರುತ್ತಿಲ್ಲ. ಹೋದ ತಿಂಗಳು ಉಡುಪಿನ ಪರೀಕ್ಷೆಗೆಂದು ಆ ಕಬ್ಬಿಣದ ಕೋಣೆಯ ಗಾಳಿ ತೆಗೆದಾಗ, ಉಡುಪಿಗೆ ಗಾಳಿ ಕೊಡುವ ಪೈಪು ಕಳಚಿ, ನಮ್ಮ ಗಗನಯಾತ್ರಿ ಹುಡುಗಿಯ ಉಸಿರು ಒಳಗೇ ನಿಂತಿತು. ಅವಳ ಉಡುಪನ್ನು ರಿಪೇರಿ ಮಾಡಿಸಿ ಮೂರನೇ ಗೂಟಕ್ಕೆ ನೇತುಹಾಕಿದ್ದೀರಿ. ಅಂದಿನಿಂದ ಅದರ ಹೆಲ್ಮೆಟ್ಟಿನ ಗಾಜು ಒಳಗಡೆಯಿಂದ ಮಬ್ಬಾಗುತ್ತಿದೆ. ಒರೆಸಿ ಒಂದು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಮತ್ತೆ ಮಬ್ಬು. ಪಕ್ಕದ ಎರಡು ಉಡುಪುಗಳ ಗಾಜು ಒಣಗಿಯೇ ಇದೆ.

ಮೇಸ್ತ್ರಿಗೆ ತೋರಿಸಿದೆ. "ತೇವ ಕಣಮ್ಮ, ದೆವ್ವ ಅಲ್ಲ" ಎಂದು ನಕ್ಕರು. ನಾನು ದೆವ್ವ ಅಂದೇ ಇರಲಿಲ್ಲ.

ಬದುಕಿದ್ದಾಗ ಆ ಹುಡುಗಿ, ನಾನು ಒರೆಸಿಟ್ಟ ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, "ಅತ್ತೆ, ಇಲ್ಲಿ ಬಿಟ್ಬಿಟ್ಟಿದೀಯ ನೋಡು" ಎಂದು ರೇಗಿಸುತ್ತಿದ್ದಳು.

ನಾಳೆ, ರಿಪೇರಿಯಾದ ಬಟ್ಟೆ ತಡೆದುಕೊಳ್ಳುತ್ತದೋ ನೋಡಲು ಆ ಉಡುಪನ್ನು ಒಳಗಿಟ್ಟು ಕೋಣೆಯ ಗಾಳಿ ತೆಗೆಯುತ್ತೀರಂತೆ. ಉಡುಪು ಖಾಲಿ, ಅದಕ್ಕೆ ಗಾಳಿಯ ಪೈಪು ಬೇಡ ಎಂದು ಗೋಡೆಗೆ ಅಂಟಿಸಿದ ಕಾಗದದಲ್ಲಿ ಬರೆದಿದೆ. ದಯವಿಟ್ಟು ಪೈಪು ಸಿಕ್ಕಿಸಿ ಸಾಹೇಬರೆ. ನಂಬಿಕೆ ಬಾರದಿದ್ದರೆ ನೀವೇ ಬಂದು ಒಮ್ಮೆ ಗಾಜು ಒರೆಸಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಅವಳು ಅತ್ತೆ ಎನ್ನುತ್ತಿದ್ದ,
ಉಡುಪಿನ ಕೋಣೆಯವಳು