ವೃತ್ತಿ: ಪ್ರೂಫ್ ರೀಡರ್

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಕಾರು ತೊಳೆದೆ. ಹನ್ನೊಂದರ ಹೊತ್ತಿಗೆ ‘ರಿನ್ಯೂವಲ್’ ಬಂದರು. ಇನ್ಶೂರೆನ್ಸ್ ಏಜೆಂಟರಿಗೆ ನನ್ನ ಹೆಂಡತಿ ಇಟ್ಟ ಹೆಸರು. ವರ್ಷಕ್ಕೊಮ್ಮೆ, ಪಾಲಿಸಿ ಮುಗಿಯುವ ವಾರ ಮಾತ್ರ ಅವರಿಗೆ ನಮ್ಮ ನೆನಪಾಗುವುದು. ಸೋಫಾದ ತುದಿಯಲ್ಲಿ ಕೂತು, ಫೋನು ನೋಡಿಕೊಂಡು ಒಂದೊಂದೇ ಕೇಳುತ್ತ ಹೋದರು. ವಿಳಾಸ ಅದೇ. ಕಾರು ಅದೇ. ವೃತ್ತಿ?

ನಾನು ಅಚ್ಚಿನ ತಪ್ಪು ತಿದ್ದುತ್ತಿದ್ದ ಪ್ರೆಸ್ಸು ಮುಚ್ಚಿ ಐದು ತಿಂಗಳಾಯಿತು.

“ಪ್ರೂಫ್ ರೀಡರ್ ಅಂತಾನೇ ಇರ್ಲಿ ಬಿಡಿ ಸಾರ್. ಕುರ್ಚಿ ಕೆಲಸ. ಕುರ್ಚಿ ಮೇಲೆ ಕೂರೋರು ಅಂದ್ರೆ ಕಂಪನಿಗೆ ಬಲು ಪ್ರೀತಿ. ಕೆಲಸ ಇಲ್ಲ ಅಂದ್ರೆ ರೇಟು ಏರುತ್ತೆ. ಡ್ರೈವರ್ ಅಂದ್ರಂತೂ ಕೇಳಲೇಬೇಡಿ. ಬಾಡಿಗೆಗೆ ಓಡಿಸ್ತೀನಿ ಅಂದ್ರೆ ಈ ಪಾಲಿಸಿನೇ ನಡೆಯಲ್ಲ, ಬೇರೇದೇ ಮಾಡಿಸ್ಬೇಕು.”

“ದಿನಾ ಓಡಿಸೋ ಡ್ರೈವರಿಗೇ ಜಾಸ್ತಿನಾ?” ಅಡುಗೆಮನೆಯಿಂದ ಇವಳು. “ಹಂಗಾದ್ರೆ ಓಡಿಸೋಕೆ ಬರದಿರೋರಿಗೆ ಕಮ್ಮಿ ಅನ್ನಿ. ಇವ್ರಿಗೆ ಪುಕ್ಕಟೆ ಕೊಡ್ಬೇಕು ನೀವು.”

ರಿನ್ಯೂವಲ್ ನಕ್ಕರು. “ರಸ್ತೆ ಮೇಲೆ ಎಷ್ಟು ಹೊತ್ತು ಇರ್ತಾರೆ ಅನ್ನೋದು ಮುಖ್ಯ ಅಕ್ಕ. ನೈಟ್ ಡ್ಯೂಟಿ ನರ್ಸಿಗೆ ಒಂದು ರೇಟು, ಲೈಬ್ರರಿಯವರಿಗೆ ಇನ್ನೊಂದು. ಕಾರು ಒಂದೇ ಇರಬಹುದು.”

ವಾರಕ್ಕೆ ಮೂರು ದಿನ ನಾನು ಬಾಡಿಗೆಗೆ ಓಡಿಸುವುದು ಅವರಿಗೆ ಗೊತ್ತು. ಗೊತ್ತಿಲ್ಲದವರಂತೆ ಫೋನು ನೋಡುತ್ತಿದ್ದರು. ‘ಡ್ರೈವರ್ ಎಂದೇ ಬರೆಯಿರಿ’ ಎನ್ನಲು ಹೊರಟೆ. ಪದ ಬಾಯಿಗೆ ಬರಲಿಲ್ಲ. ರೇಟಿನ ಕಾರಣಕ್ಕಲ್ಲ... ಆಯುಸ್ಸಿನ ಅರ್ಧ ಆ ಜಾಗದಲ್ಲಿ ಇನ್ನೊಂದು ಪದ ಬರೆದಿದ್ದೆ.

“ಇರಲಿ” ಎಂದೆ.

ಮಾರ್ಚ್ 7, ಶುಕ್ರವಾರ

ಡಯಾಲಿಸಿಸ್ ದಿನ. ಹಿಂದಿನ ಬೀದಿಯ ವಾಚ್ ರಿಪೇರಿಯವರನ್ನು ಹತ್ತಿಸಿಕೊಂಡೆ. ಅಂಗಡಿ ಮುಚ್ಚಿ ಕಾಲವಾಯಿತು. ಜನ ಈಗಲೂ ಹಾಗೇ ಕರೆಯುತ್ತಾರೆ. ಅವರ ಮಗಳಿಗೆ ಇಸ್ತ್ರಿ ಅಂಗಡಿಯಲ್ಲಿ ಕೆಲಸ, ಹಗಲು ಬಿಡುವಿಲ್ಲ. ಹಾಗಾಗಿ ಸೋಮ, ಬುಧ, ಶುಕ್ರ — ನಾನು.

ಅವರಿಗೆ ಮುಂದಿನ ಸೀಟೇ ಆಗಬೇಕು. ಕೂತ ಕೂಡಲೇ ಡ್ಯಾಶ್‌ಬೋರ್ಡಿನ ಗಡಿಯಾರ ಸರಿಮಾಡುತ್ತಾರೆ. ಮುಂದಿನ ಸಲಕ್ಕೆ ಅದು ಮತ್ತೆ ಹಿಂದೆ ಬಿದ್ದಿರುತ್ತದೆ.

“ಹೊರಡಿ ಡ್ರೈವರ್ರೇ.”

“ನಾನು ಡ್ರೈವರ್ ಅಲ್ಲ.”

“ಮತ್ತೆ ಸ್ಟೀರಿಂಗ್ ಹಿಡ್ಕೊಂಡು ಏನ್ಮಾಡ್ತಿದೀರಿ? ತಪ್ಪು ತಿದ್ತಿದೀರಾ?”

ಎಡತೋಳನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿರುತ್ತಾರೆ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ ಅಲ್ಲಿದೆ. ಫಿಸ್ಟುಲಾ. ಹಗ್ಗದ ಹಾಗೆ ಉಬ್ಬಿದೆ. ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತದೆ. “ನನ್ನ ಮೇನ್ ಸ್ಪ್ರಿಂಗು ಈಗ ಇದೇ” ಎನ್ನುತ್ತಾರೆ.

ಅವರು ಒಳಗಿರುವಷ್ಟು ಹೊತ್ತು ನಾನು ಕಾರಿನಲ್ಲಿ ಕೂತು ಓದುತ್ತೇನೆ. ಈಗ ಓದುತ್ತಿರುವುದು ಯಾವುದೋ ಹಿಮದ ದೇಶದ ಕಾದಂಬರಿ, ಒಳ್ಳೆಯ ಅನುವಾದ. ಒಂದು ಸಣ್ಣ ರೈಲ್ವೆ ಸ್ಟೇಷನ್. ಸಿಗ್ನಲ್ ಕೆಲಸದವನ ಕೊಲೆಯಾಗಿದೆ. ವಾಪಸ್ ಬರುವಾಗ ಅಷ್ಟನ್ನೂ ಒಪ್ಪಿಸಬೇಕು.

“ಕೊಂದೋರು ಯಾರು?”

“ಇನ್ನೂ ಗೊತ್ತಾಗಿಲ್ಲ.”

“ಓದ್ಕೊಂಡು ಬನ್ನಿ ಮತ್ತೆ. ಅದಕ್ಕೂ ಸೇರಿಸೇ ಕೊಡೋದು ನಾನು.”

ಶುಕ್ರವಾರ ಇಳಿಯುವ ಮುಂಚೆ ವಾರದ ಬಾಡಿಗೆಯನ್ನು ಮಡಿಸಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡುತ್ತಾರೆ. ಕೈಗೆ ಕೊಡುವುದಿಲ್ಲ. ಸೋಮವಾರದ್ದು ಬೇಡ, ಅವತ್ತು ಮಗಳು ರಜೆ ಹಾಕಿ ಆಟೋದಲ್ಲಿ ಕರೆದೊಯ್ದಳಲ್ಲ ಎಂದೆ.

“ಪುಕ್ಕಟೆ ಅಂದ್ರೆ ಇಲ್ಲೇ ಇಳಿಸಿ. ನಡ್ಕೊಂಡು ಹೋಗ್ತೀನಿ.”

ಮಾರ್ಚ್ 20, ಗುರುವಾರ

ಪಾಲಿಸಿ ಬಂತು. ಅಭ್ಯಾಸಬಲ, ಕೊನೆಯ ಪುಟದವರೆಗೆ ಓದಿದೆ. ಷರತ್ತುಗಳಲ್ಲಿ ಕಂಡಾಪಟ್ಟೆ ಅಚ್ಚಿನ ತಪ್ಪು. ನನ್ನ ಪುಟದಲ್ಲಿ ಇಲ್ಲ. ‘ವೃತ್ತಿ: ಪ್ರೂಫ್ ರೀಡರ್’ — ಅಚ್ಚುಕಟ್ಟಾಗಿದೆ.

ಏಪ್ರಿಲ್ 6, ಭಾನುವಾರ

ಶುಕ್ರವಾರ ಅಪಘಾತ. ಬರೆಯಲು ಇವತ್ತು ಸಾಧ್ಯವಾಯಿತು. ನನಗೆ ಪಕ್ಕೆ ನೋವು, ಅಷ್ಟೇ.

ಆಸ್ಪತ್ರೆಯಿಂದ ವಾಪಸ್ ಬರುತ್ತಿದ್ದೆವು. ಪೆಟ್ರೋಲ್ ಬಂಕಿನ ಹತ್ತಿರ ನಾಲ್ಕು ರಸ್ತೆ ಕೂಡುವ ಜಾಗ. ಕಾದಂಬರಿಯ ಸ್ಟೇಷನ್ ಮಾಸ್ತರನ ಟ್ರಂಕಿನಲ್ಲಿ ಸತ್ತವನ ಟೋಪಿ ಸಿಗುವ ಭಾಗ ಹೇಳುತ್ತಿದ್ದೆ. “ಟೋಪಿನಾ?” ಎಂದರು. ಅವರ ಮುಖ ನೋಡಲು ತಿರುಗಿದೆ. ಎಡಗಡೆಯಿಂದ ಹಾಲಿನ ವ್ಯಾನು. ಅದು ಮುಖ್ಯ ರಸ್ತೆಯಲ್ಲಿತ್ತು, ಮೊದಲು ಹೋಗುವ ಹಕ್ಕು ಅದರದು. ತಪ್ಪು ನನ್ನದು. ಪೊಲೀಸರಿಗೆ ಹಾಗೇ ಹೇಳಿದೆ, ಅವರೂ ಹಾಗೇ ಬರೆದುಕೊಂಡರು.

ಎಡಬಾಗಿಲು ಒಳಗೆ ಬಂತು. ಅವರ ತೋಳಿನ ಮೇಲೆ.

ಕೂಗಲಿಲ್ಲ. ತೋಳನ್ನೇ ನೋಡುತ್ತ ಕೂತಿದ್ದರು.

ಏಪ್ರಿಲ್ 9, ಬುಧವಾರ

ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆ. ತೋಳು ಉಳಿದಿದೆ. ಫಿಸ್ಟುಲಾ ಹೋಗಿದೆ, ಒಳಗೆ ರಕ್ತ ಹೆಪ್ಪುಗಟ್ಟಿದೆ. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟರು.

“ನಿಂತೋಗಿದೆ ನೋಡಿ.”

ಗಿರಾಕಿಗೆ ವಾಚು ವಾಪಸ್ ಕೊಡುವವರ ದನಿ. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಇದ್ದಿದ್ದರೆ ವಾಸಿ.

ಸದ್ಯಕ್ಕೆ ಕುತ್ತಿಗೆಯಲ್ಲಿ ಒಂದು ನಳಿಕೆ ಇಟ್ಟು ಡಯಾಲಿಸಿಸ್ ನಡೆಸುತ್ತಿದ್ದಾರೆ. ಅದು ಬಹಳ ದಿನ ಇರುವಂತಿಲ್ಲ, ನಂಜಾಗುತ್ತದೆ. ಬೇರೆ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೊಸ ದಾರಿ ಮಾಡಬೇಕು. ಇವರ ರಕ್ತನಾಳ ಹಳತು, ಕಷ್ಟದ ಕೆಲಸ. ಇನ್ಶೂರೆನ್ಸಿನ ಒಪ್ಪಿಗೆಪತ್ರ ಬರದೆ ಅಲ್ಲಿ ಸೇರಿಸಿಕೊಳ್ಳುವುದಿಲ್ಲ.

ಮಗಳು ಕಾರಿಡಾರಿಗೆ ಕರೆದಳು. ಮುಂಗೈ ತುಂಬ ಇಸ್ತ್ರಿಪೆಟ್ಟಿಗೆಯ ಸುಟ್ಟ ಗೆರೆ.

“ಅಣ್ಣ, ನಿಮ್ಮ ಪಾಲಿಸಿನೇ ದಿಕ್ಕು ನಮಗೆ. ಏಜೆಂಟರನ್ನ ಕೇಳ್ದೆ. ಕಾರಲ್ಲಿ ಕೂತಿದ್ದೋರ ಚಿಕಿತ್ಸೆಗೂ ಬರುತ್ತಂತೆ. ಬಾಡಿಗೆ ಕೊಟ್ಟು ಕೂತಿದ್ರೆ ಮಾತ್ರ ಬರಲ್ವಂತೆ.”

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅವರು ಮಡಿಸಿಟ್ಟ ನೋಟುಗಳು ನೆನಪಾದವು.

“ಅಪ್ಪ ನಿಮಗೆ ಚಿಕ್ಕಪ್ಪ ಆಗ್ಬೇಕು ಅಂದ್ಬಿಡಿ. ನಾನು ಹೆಂಗೂ ಅಣ್ಣ ಅಂತಾನೇ ಕರೆಯೋದು.”

“ಅವರಿಗೆ ಹೇಳಿದ್ದೀಯಾ?”

“ಹೇಳಿದ್ರೆ ನಳಿಕೆ ಕಿತ್ಕೊಂಡು ಎದ್ದು ಹೋಗ್ತಾರೆ. ನೀವೇ ನೋಡಿದೀರಲ್ಲ ಅವರ ಗತ್ತು.”

ಏಪ್ರಿಲ್ 15, ಮಂಗಳವಾರ

ಇನ್ಶೂರೆನ್ಸ್ ತನಿಖೆಯವರು ಮನೆಗೆ ಬಂದಿದ್ದರು. ಸವೆದ ಬೂಟು, ಸಭ್ಯ ಮನುಷ್ಯ. ಮಗಳ ಹತ್ತಿರ ಮಾತಾಡಿ, ನನ್ನ ಹೇಳಿಕೆಯನ್ನು ತಾವೇ ಟೈಪು ಮಾಡಿಸಿಕೊಂಡು ತಂದಿದ್ದರು.

“ಗಾಯಾಳು ನಿಮ್ಮ ಚಿಕ್ಕಪ್ಪ ಅಂದ್ರು. ಹಂಗೇ ಹಾಕಿದೀನಿ. ಪ್ರೂಫ್ ರೀಡರ್ ಅಂದ್ಮೇಲೆ ಬಾಡಿಗೆ-ಗೀಡಿಗೆ ಏನಿರುತ್ತೆ, ಅಲ್ವಾ? ಒಂದ್ಸಲ ಓದಿ ಸೈನ್ ಮಾಡ್ಬಿಡಿ.”

ಓದಿ ಎನ್ನಬಾರದಿತ್ತು.

ಇವಳು ಅವರಿಗೆ ಟೀ ತಂದಳು. ಅವರು ಕುಡಿಯುವಷ್ಟರಲ್ಲಿ ಓದಿ ಮುಗಿಸಿದೆ. ಪೆನ್ಸಿಲು ಕೈಯಲ್ಲಿತ್ತು. ವ್ಯಾನಿನ ಬಣ್ಣ ತಪ್ಪಾಗಿತ್ತು, ರಸ್ತೆಯ ಹೆಸರು ತಪ್ಪಾಗಿತ್ತು — ತಿದ್ದಿದೆ. ಸಹಿ ಹಾಕಿದೆ. ಚಿಕ್ಕಪ್ಪ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಬಾಯಿಬಿಟ್ಟು ಸುಳ್ಳು ಹೇಳದೆ ಕೆಲಸವಾಯಿತು ಎಂದು, ಈಗ ಯೋಚಿಸಿದರೆ, ಸಮಾಧಾನವೇ ಆಗಿತ್ತು.

ಏಪ್ರಿಲ್ 28, ಸೋಮವಾರ

ತನಿಖೆಯವರ ಫೋನು. ದನಿ ಬದಲಾಗಿತ್ತು.

“ಏನ್ ಸಾರ್ ಇದು, ಹೆಡ್ ಆಫೀಸಿಂದ ಫೈಲು ವಾಪಸ್ ಬಂದಿದೆ. ಅದ್ಯಾಕೆ ಅಲ್ಲಿ ಪ್ರಶ್ನೆ ಹಾಕಿದ್ರಿ?”

ಯಾವ ಪ್ರಶ್ನೆ ಎಂದೆ. ನಿಜವಾಗಿ ತಿಳಿಯಲಿಲ್ಲ. ಫೋಟೋ ಕಳಿಸಿದರು.

‘ಚಿಕ್ಕಪ್ಪ’ ಎಂಬ ಪದದ ಎದುರಿಗೆ, ಅಂಚಿನಲ್ಲಿ, ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. ಸುತ್ತ ಸಣ್ಣ ವೃತ್ತ. ನನ್ನದೇ ಕೈ. ನನ್ನ ಹಾಗೆ ವೃತ್ತ ಹಾಕುವವರು ಪ್ರೆಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹಾಕಿದ್ದು ನೆನಪಿಲ್ಲ. ಸಂಗತಿ ತಪ್ಪೆನಿಸಿದರೆ ಪ್ರೂಫ್ ರೀಡರ್ ತಾನಾಗಿ ತಿದ್ದುವಂತಿಲ್ಲ. ಅಂಚಿನಲ್ಲಿ ಪ್ರಶ್ನೆ ಹಾಕಿ ಬಿಡಬೇಕು. ಉತ್ತರ ಹೇಳುವುದು ಬರೆದವರ ಕೆಲಸ. ಮೊದಲ ದಿನ ಕಲಿಸಿದ್ದು ಅದನ್ನೇ. ಕೈ ಮರೆತಿಲ್ಲ.

“ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬನ್ನಿ. ಮ್ಯಾನೇಜರ್ ಎದುರಿಗೆ ಬಾಯಲ್ಲಿ ಹೇಳ್ಬೇಕು. ಹೌದು ಅಂದ್ರೆ ಅವತ್ತೇ ಆಸ್ಪತ್ರೆಗೆ ಪತ್ರ ಹೋಗುತ್ತೆ. ಅಲ್ಲ ಅಂದ್ರೆ ಕ್ಲೇಮ್ ಕ್ಲೋಸ್.”

ಇವಳಿಗೆ ಫೋಟೋ ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

“ಸಂಬಳ ಕೊಡೋರಿಲ್ಲ, ಆದ್ರೂ ಡ್ಯೂಟಿ ಮಾಡಿದೀರಿ” ಎಂದಳು. ನಗಲಿಲ್ಲ.

ಮೇ 3, ಶನಿವಾರ

ನಳಿಕೆಯ ಜಾಗ ನಂಜಾಗಿದೆ. ಐಸಿಯು. ಗಾಜಿನಾಚೆಯಿಂದ ನೋಡಿದೆ. ಕಣ್ಣು ಅರ್ಧ ತೆರೆದಿವೆ, ಗುರುತು ಹಿಡಿಯುವುದಿಲ್ಲ. ಜ್ವರ ಇಳಿಸಿ ಈ ವಾರದೊಳಗೆ ಆ ಆಸ್ಪತ್ರೆಗೆ ಸಾಗಿಸದಿದ್ದರೆ ಕಷ್ಟ ಎಂದರು ಡಾಕ್ಟರು. ಹೊಸ ನಳಿಕೆ ಹಾಕಲು ಇಲ್ಲಿನವರಿಗೆ ಸರಿಯಾದ ರಕ್ತನಾಳ ಸಿಗುತ್ತಿಲ್ಲವಂತೆ.

ಮಗಳು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಬೈದಾಳು ಎಂದುಕೊಂಡಿದ್ದೆ.

“ನೀವು ಓದದೇ ಸೈನ್ ಮಾಡ್ಬಹುದಿತ್ತು ಅಣ್ಣ” ಎಂದಳು. ಅಷ್ಟೇ.

ಆಮೇಲೆ ಚೀಲದಿಂದ ಅಪ್ಪನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

ಮೇ 4, ಭಾನುವಾರ. ಬೆಳಿಗ್ಗೆ

ಕಾದಂಬರಿ ಮುಗಿಯಿತು. ಕೊಂದವನು ಸ್ಟೇಷನ್ ಮಾಸ್ತರನೇ. ಟೋಪಿ ಸಿಕ್ಕಾಗಲೂ ಅವನ ಮಾತು ನಂಬಿ ಬಿಟ್ಟಿದ್ದರು, ಯಾರೂ ಹಿಡಿದಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ತಾನಾಗಿಯೇ ಠಾಣೆಗೆ ನಡೆದು ಹೋಗಿ ಒಪ್ಪಿಕೊಳ್ಳುತ್ತಾನೆ. ಅಂಥ ಕೊನೆಗಳು ನನಗೆ ಇಷ್ಟವಾಗುತ್ತಿದ್ದವು. ಒಪ್ಪಿಕೊಂಡವನ ಎದೆಭಾರ ಇಳಿಯುತ್ತದೆ. ಅವನ ನಿಜಕ್ಕೆ ಇನ್ನೊಬ್ಬರು ಹಾಸಿಗೆಯಲ್ಲಿ ಮಲಗಿ ಬೆಲೆ ತೆರುವುದನ್ನು ಆ ಪುಸ್ತಕಗಳಲ್ಲಿ ಓದಿದ ನೆನಪಿಲ್ಲ.

ಮೇ 4, ಸಂಜೆ

ಆಪರೇಷನ್ನಿನ ದುಡ್ಡಿಗೆ ಕಾರು ಮಾರಿದರೆ ಎಂದು ಗ್ಯಾರೇಜಿನವರನ್ನು ಕೇಳಿದೆ. “ಗುಜರಿ ತೂಕಕ್ಕೆ ಹಾಕ್ಬೇಕು ಸಾರ್” ಎಂದರು. ಆ ದಾರಿಯೂ ಇಲ್ಲ.

ಇವಳನ್ನು ಕೇಳಿದೆ, ಏನು ಹೇಳಲಿ ಎಂದು.

“ನಾನೇನೂ ಹೇಳಲ್ಲ. ಯಾವ್ದು ಹೇಳಿದ್ರೂ ಆಮೇಲೆ ಹೊರಳಾಡೋರು ನೀವು.” ಒಲೆ ಆರಿಸಿ, “ಪಕ್ಕದಲ್ಲಿ ಮಲಗಿರೋಳು ನಾನು. ಅದೂ ಗೊತ್ತಿರ್ಲಿ.”

ನಿಶ್ಚಯಿಸಿದ್ದೇನೆ. ಚಿಕ್ಕಪ್ಪ ಎನ್ನುತ್ತೇನೆ.

ಪ್ರಶ್ನೆ ಯಾಕೆ ಹಾಕಿದಿರಿ ಎಂದರೆ, ಪೆನ್ಸಿಲು ಹಿಡಿದರೆ ಕೈ ತಾನಾಗಿ ಹಾಕಿಬಿಡುತ್ತದೆ, ವೃತ್ತಿ ಅಂಥದು ಎನ್ನುತ್ತೇನೆ. ಅಷ್ಟು ನಿಜ. ನಂಬುತ್ತಾರೆ. ವೃತ್ತಿ ಏನೆಂದು ಅವರ ಪಾಲಿಸಿಯಲ್ಲೇ ಇದೆ.

ವಾಚ್ ರಿಪೇರಿಯವರಿಗೆ ಎಚ್ಚರವಾದ ಮೇಲೆ, ಪುಕ್ಕಟೆ ಕೂತವರ ಲೆಕ್ಕಕ್ಕೆ ನನ್ನನ್ನು ಸೇರಿಸಿದಿರಾ ಎಂದು ಕೇಳುತ್ತಾರೆ. ಕೇಳಲಿ. ಕೇಳುವಷ್ಟಾಗಲಿ. ಕಥೆಯ ಕೊನೆಯೂ ಅವರಿಗೆ ಬಾಕಿ ಇದೆ.

ನಾಳೆ ಹತ್ತಕ್ಕೆ. ಬೇಗ ಹೊರಟು ಮೊದಲು ಆಸ್ಪತ್ರೆಗೆ ಹೋಗಬೇಕು. ಇಷ್ಟು ತಿಂಗಳಲ್ಲಿ ಅವರನ್ನು ಬಾಯಿತುಂಬ ಏನೆಂದೂ ಕರೆದವನಲ್ಲ ನಾನು. ಮ್ಯಾನೇಜರ ಎದುರಿಗೆ ಮೊದಲ ಸಲ ಆ ಪದ ಆಡಿದರೆ ದನಿಯಲ್ಲೇ ಸಿಕ್ಕಿಬೀಳುತ್ತೇನೆ. ನರ್ಸು ಒಳಗೆ ಬಿಟ್ಟರೆ ಕಿವಿಯ ಹತ್ತಿರ ಬಗ್ಗಿ ಒಮ್ಮೆ ಕರೆದು ನೋಡಬೇಕು. ಚಿಕ್ಕಪ್ಪ ಎಂದು. ಅವರು ಕಣ್ಣು ಬಿಟ್ಟು ನೋಡಿದರೆ —