ಸಣ್ಣ ಕಾರೇ ತಗೊಂಡೆ

ಡುಲುತ್,
ಫೆಬ್ರವರಿ 9

ಪ್ರೀತಿಯ ತಂಗಿ ಆರ್ಡಿಸ್‌ಗೆ,

ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೀತಿದ್ದೇನೆ, ಬೈಕೋಬೇಡ. ಇಲ್ಲಿ ಕಾರಿನ ಯುದ್ಧ ನಡೀತಿತ್ತು. ಗೆದ್ದು ಬರೀತಿದ್ದೇನೆ.

ನಮ್ಮ ಹಳೇ ವ್ಯಾನು ತುಕ್ಕು ಹಿಡಿದು ಗುಜರಿಗೆ ಹೋಯಿತಲ್ಲ, ಅವತ್ತಿನಿಂದ ಮಗ ಕರ್ಟಿಸ್‌ದು ಒಂದೇ ಹಟ: ಯಾರೋ ಡಾಕ್ಟರು ಓಡಿಸಿ ಬಿಟ್ಟ ಪೆಟ್ರೋಲಿನ ಐಷಾರಾಮಿ ಕಾರನ್ನೇ ತಗೋಬೇಕಂತೆ. ನನ್ನ ಕಣ್ಣು ಮಾತ್ರ ಕಾರಂಗಡಿಯಲ್ಲಿ ಅದರ ಪಕ್ಕ ನಿಂತಿದ್ದ ಪುಟ್ಟ ಎಲೆಕ್ಟ್ರಿಕ್ ಕಾರಿನ ಮೇಲೆ. ಎರಡನ್ನೂ ಓಡಿಸಿ ನೋಡ್ತೀನಿ ಅಂದೆ.

ಸುಳ್ಳು ಹೇಳಲ್ಲ, ದೊಡ್ಡದರ ಚರ್ಮದ ಸೀಟಿನಲ್ಲಿ ಕೂತಾಗ ಮಹಾರಾಣಿಯಾದ ಹಾಗಾಯಿತು. ಆದರೆ ಅದರ ಮೂತಿ ಎಲ್ಲಿ ಮುಗಿಯುತ್ತೆ ಅಂತಲೇ ಕಾಣದು. ಕುಡಿಯೋದು ದುಬಾರಿ ಪೆಟ್ರೋಲು. ಮೀನು ಹಿಡಿಯೋಕೆ ಸರೋವರದ ಐಸ್ ಕೊರೆಯುವ ನನ್ನ ಯಂತ್ರ ಜೊತೆಗೆ ಒಯ್ದಿದ್ದೆ, ಅದು ಡಿಕ್ಕಿಯಲ್ಲಿ ಹಿಡಿಸಲೇ ಇಲ್ಲ. ಸಣ್ಣದು ಸದ್ದಿಲ್ಲದೆ ಗುಡ್ಡದ ರಸ್ತೆ ಏರಿಬಿಟ್ಟಿತು. ಸೀಟು ಮಡಚಿದರೆ ಯಂತ್ರ, ಗಾಳ, ಕುರ್ಚಿ ಎಲ್ಲ ಒಳಗೆ.

"ಇದು ಕಾರಲ್ಲಮ್ಮ, ಚಕ್ರ ಹಾಕಿದ ಮಿಕ್ಸರು," ಅಂದ ಕರ್ಟಿಸ್. "ಚಳಿಗೆ ಬ್ಯಾಟರಿ ಇಳಿದುಹೋಗತ್ತೆ. ದಾರೀಲಿ ನಿಂತು ಹೆಪ್ಪುಗಟ್ತೀಯ."

"ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯೋಳು ಕಣೋ ನಾನು! ನನಗೆ ಚಳಿ ತೋರಿಸ್ತೀಯಾ?"

"ದೊಡ್ಡ ಕಾರಲ್ಲಿ ಹೋದ್ರೆ ನಿನಗೊಂದು ಗೌರವ."

"ಗೌರವ ನನಗೇ ಇದೆ. ಕಾರಿನ ಹತ್ರ ಕಡ ಕೇಳಬೇಕಾಗಿಲ್ಲ," ಅಂದು ಸಣ್ಣದಕ್ಕೆ ಸಹಿ ಹಾಕಿದೆ.

ಅವನ ಮಾತು ಪೂರ್ತಿ ಸುಳ್ಳೇನಲ್ಲ. ಕಳೆದ ಶನಿವಾರ ಸರೋವರದಿಂದ ಬರುವಾಗ ಬ್ಯಾಟರಿ ಸರಸರನೆ ಇಳಿಯಿತು. ಚಾರ್ಜ್ ಉಳಿಯಲಿ ಅಂತ ಹೀಟರ್ ಆರಿಸಿ, ಕಂಬಳಿ ಹೊದ್ದು, ಹಲ್ಲು ಕಟಕಟ ಅನ್ನಿಸುತ್ತ ಮನೆ ಸೇರಿದೆ. ಸೇರಿದೆ ತಾನೆ? ಮೀನನ್ನೂ ತಂದೆ.

ನಿನ್ನ ಮಂಡಿನೋವು ಬೇಗ ವಾಸಿಯಾಗಲಿ. ದೇವರು ನಿನ್ನ ಮಕ್ಕಳನ್ನು ತಣ್ಣಗಿಟ್ಟಿರಲಿ. ಹಿಮ ಕರಗಲಿ, ನಾನೇ ಓಡಿಸಿಕೊಂಡು ಬರ್ತೀನಿ.

ನಿನ್ನ ಅಕ್ಕ,
ವೆಲ್ಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂತಿದ್ದೆ. ಅವತ್ತು ಕಾರಂಗಡಿಯಲ್ಲಿ, ಓಡಿಸಿ ನೋಡುವ ಮೊದಲೇ, ಬಾಗಿಲ ಹಿಂದೆ ನಿಂತು ಕೋಟು ಹಾಕಿಕೊಳ್ಳುತ್ತಿದ್ದೆ. ಕರ್ಟಿಸ್ ಅಂಗಡಿಯವನಿಗೆ ಹೇಳ್ತಿದ್ದ: "ದೊಡ್ಡದನ್ನೇ ತಗೊಳ್ಳೋ ಹಾಗೆ ಮಾಡ್ತೀನಿ ಬಿಡಿ. ಅಮ್ಮ ಇನ್ನೆಷ್ಟು ದಿನ ಓಡಿಸ್ತಾಳೆ? ಆಮೇಲೆ ಹೇಗೂ ನನಗೇ ಬರತ್ತೆ." ನಾನು ಕೇಳಿಸಿಕೊಂಡದ್ದು ಅವನಿಗೆ ಗೊತ್ತಿಲ್ಲ. ನೀನೂ ಹೇಳಬೇಡ. ಭಾನುವಾರ ಊಟಕ್ಕೆ ಬರ್ತಾನೆ, ಅವನಿಗಿಷ್ಟವಾದದ್ದನ್ನೇ ಮಾಡ್ತೀನಿ. ಕಾರಿನ ಕೀ ಮಾತ್ರ ಕೇಳಿದರೂ ಕೊಡಲ್ಲ.