ಗಾಲಿಯ ಕೆಳಗಿನ ನಿಂಬೆಹೋಳು

ಹುಬ್ಬಳ್ಳಿ
ಶಾಲಿವಾಹನ ಶಕೆ ೨೦೯೬, ಭಾದ್ರಪದ ಬಹುಳ ಅಮಾವಾಸ್ಯೆ
(ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೧೭೪. ನಂಬುವುದು ಕಷ್ಟ, ಆದರೂ ನಂಬಬೇಕು.)

ಪೂಜ್ಯ ದ್ಯಾವಪ್ಪಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ಮೋನವ್ವ ಬಡಿಗೇರ ಮಾಡುವ ಸಾಷ್ಟಾಂಗ ನಮಸ್ಕಾರ.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೂರೈವತ್ತು ವರ್ಷಗಳಲ್ಲಿ ಕನ್ನಡ ಬಹಳ ತಿರುಗಾಡಿ ಬಂದಿದೆ, ಕೆಲವು ಮಾತು ಕಲಿತಿದೆ, ಕೆಲವು ಮರೆತಿದೆ. ನೀವು ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಓದಿ ಓದಿ ನಿಮ್ಮ ಕಾಲದ ಭಾಷೆಯನ್ನು ಕಲಿತವಳು ನಾನು, ಆದ್ದರಿಂದ ಆದಷ್ಟು ಅದರಲ್ಲೇ ಬರೆಯುತ್ತೇನೆ. ನಿಮ್ಮ ಕಾಲದಲ್ಲಿ ಈ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಟ್ಟು ಕಾಗೆಯನ್ನು ಕರೆಯುತ್ತಿದ್ದಿರಂತೆ. ಕಾಗೆಗಳು ಈಗ ಹುಬ್ಬಳ್ಳಿಯಲ್ಲಿ ಅಪರೂಪ. ಎಡೆಯನ್ನು ಇಡುತ್ತೇವೆ, ಅದರ ಬದಿಗೆ ಒಂದು ಕಾಗದವನ್ನೂ ಬರೆದಿಡುತ್ತೇವೆ. ಅದಕ್ಕೆ ಹಿನ್ನೋಲೆ ಎಂದು ಹೆಸರು, ಹಿಂದಿನವರಿಗೆ ಬರೆದ ಓಲೆ ಎಂದು ಅರ್ಥ. ಮುಟ್ಟುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕಾಗೆ ತಿಂದದ್ದು ಹಿರಿಯರಿಗೆ ಮುಟ್ಟಿತೇ ಎಂದು ನೀವಾದರೂ ಯಾವಾಗ ಕೇಳಿದ್ದಿರಿ? ಹೆಚ್ಚಿನವರು ಹಿನ್ನೋಲೆಯಲ್ಲಿ ಕ್ಷೇಮ ಸಮಾಚಾರ ಬರೆಯುತ್ತಾರೆ. ನಾನು ನಿಮ್ಮನ್ನು ಬಯ್ಯುವುದಕ್ಕೆ ಬರೆಯುತ್ತಿದ್ದೇನೆ. ನೀವು ನಿವೃತ್ತರಾಗಿ, ಪುಟಾಣಿ ರೈಲುಗಳ ಕಪಾಟು ಮುಗಿಸಿ, ಅದರ ಮೊದಲ ಖಂಡೆ ನವಮಿಗೆ ಅಣಿಯಾಗುತ್ತಿರುವ ವರ್ಷಕ್ಕೆ ಈ ಓಲೆ ಸೇರಲಿ ಎಂದು ಬೇಡಿಕೊಂಡಿದ್ದೇನೆ. ಆ ವರ್ಷ ನಿಮಗೆ ಅರವತ್ತೊಂದು, ನನಗೀಗ ಎಪ್ಪತ್ತೊಂದು. ವಯಸ್ಸಿನಲ್ಲಿ ದೊಡ್ಡವಳು ನಾನೇ, ಬಯ್ಯುವ ಹಕ್ಕಿದೆ.

ನಿಮ್ಮ ಕಪಾಟು ಇನ್ನೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದಲಾರಿರಿ. ಸಾಗವಾನಿಯ ಚೌಕಟ್ಟು, ಒಂಬತ್ತು ಅಂತಸ್ತು, ಪ್ರತಿ ಅಂತಸ್ತಿನಲ್ಲೂ ಗಾಲಿ ಜಾರದಂತೆ ಉಳಿಯಿಂದ ಕೊರೆದ ಎರಡು ಗೆರೆ, ಆಚೆಯ ಮಗ್ಗುಲೂ ಕಾಣಲೆಂದು ಹಿಂದೆ ಕನ್ನಡಿ. ರೈಲು ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಕಡೆಯುತ್ತಿದ್ದ ಕೈ ನಿಮ್ಮದು, ಒಂದು ಕೀಲೂ ಇವತ್ತಿಗೂ ಅಲುಗಿಲ್ಲ. ಮೂವತ್ತನಾಲ್ಕು ಪುಟಾಣಿ ಎಂಜಿನ್ನುಗಳು, ತೊಂಬತ್ತು ಡಬ್ಬಿಗಳು. ಅರ್ಧ ಗಾಜಿನ ಹಿಂದೆ, ಅರ್ಧ ಕೆಳಗಿನ ಸೆಳೆಖಾನೆಗಳಲ್ಲಿ, ಪ್ರತಿ ಯುಗಾದಿಗೆ ಅದಲುಬದಲು. ನೀವು ಬರೆದದ್ದನ್ನೆಲ್ಲ ನಾಲ್ಕು ತಲೆಮಾರು ಶಿರಸಾವಹಿಸಿ ಪಾಲಿಸಿದ್ದೇವೆ. “ಬಿಸಲ ಬೀಳೂ ಗ್ವಾಡಿಗೆ ಕಪಾಟ ಇಡಬ್ಯಾಡ್ರಿ, ಬಣ್ಣ ಸಾಯ್ತೈತಿ. ಅಡಗೀಮನಿ ಗ್ವಾಡಿಗೂ ಬ್ಯಾಡ, ಒಗ್ಗರಣಿ ಜಿಡ್ಡು ಕೂಡ್ತೈತಿ. ಹಳೇ ಪೇಪರದಾಗ ಸುತ್ತಬ್ಯಾಡ್ರಿ, ಅಕ್ಷರ ಬಣ್ಣಕ್ಕ ಅಂಟತಾವ. ಹಳೇ ಧೋತರದ ಬಟ್ಟಿ ಸುತ್ರಿ. ಆಷಾಢದಾಗ ಗಾಜಿನ ಬಾಗಲಾ ತಗೀಬ್ಯಾಡ್ರಿ.” ನನಗೆ ಇದು ಬಾಯಿಪಾಠ. ಮೂರನೆಯ ಅಂತಸ್ತನ್ನು ಐದು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ಇಟ್ಟಿದ್ದೀರಲ್ಲ, ಆ ಜಾಗದ ಗಾಜಿನ ಮೇಲೆ ಎಷ್ಟು ಮೂಗುಗಳ ಗುರುತು ಒರೆಸಿದ್ದೇನೋ ನನಗೇ ಗೊತ್ತಿಲ್ಲ.

ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿರಲಿಲ್ಲ. ಈಗ ಮನೆಯನ್ನು ನೆಲದಿಂದ ಅಳೆಯುವುದಿಲ್ಲ, ಒಳಗಿನ ಗಾಳಿಯಿಂದ ಅಳೆಯುತ್ತಾರೆ. ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಕಟ್ಟುಪಾಡಿಗೆ ಗಾಳಿಪಾಲು ಎನ್ನುತ್ತಾರೆ. ನಿಮ್ಮ ಕಪಾಟು ಒಬ್ಬ ಮನುಷ್ಯನ ಗಾಳಿಪಾಲನ್ನು ನುಂಗಿ ಕೂತಿದೆ. ಊಟ ಕೇಳದ ನೆಂಟನನ್ನು ಸಾಕಿದ ಹಾಗೆ ನಾವು ಅದನ್ನು ಸಾಕಿದ್ದೇವೆ. ನಾನು ಕಾಲನ್ನು ಅದರ ಅಡಿಗೆ ಚಾಚಿಕೊಂಡು ಮಲಗುತ್ತೇನೆ. ಗೊಣಗಿದ್ದುಂಟು, ಕೊಟ್ಟಿದ್ದಿಲ್ಲ.

ಇನ್ನು ಬೈಗುಳಕ್ಕೆ ಬರುತ್ತೇನೆ. ಟಿಪ್ಪಣಿ ಪುಸ್ತಕದಲ್ಲಿ ಇಲ್ಲದ ಒಂದು ಪದ್ಧತಿಯನ್ನು ನೀವು ಬರೀ ಮಾಡಿ ತೋರಿಸಿ ಹೋದಿರಿ. ಖಂಡೆ ನವಮಿಗೆ ಜನ ಲಾರಿ, ಕಾರು, ಸೈಕಲ್ಲುಗಳ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದ ಹಾಗೆ ನೀವು ಮೂವತ್ತನಾಲ್ಕು ಎಂಜಿನ್ನುಗಳ ಗಾಲಿಗೂ ಇಟ್ಟಿರಿ. ಇಡೀ ಹಣ್ಣು ಎಂಜಿನ್ನಿಗಿಂತ ಎತ್ತರವಾಗುತ್ತಿತ್ತು, ಅದಕ್ಕೆ ಒಂದೊಂದು ಹೋಳು. ನವಮಿಯ ದಿನ ಪೂಜೆ, ಮರುದಿನ ಬನ್ನಿ ಮುಡಿದು ಬಂದ ಮೇಲೆ ಬಂಡಿ ಕದಲಿಸುವುದು. ಅಲ್ಲಿಯವರೆಗೆ ಹೋಳಿನ ಮೇಲೆಯೇ ಗಾಲಿ. ನಿಮ್ಮ ಕಾಲದಲ್ಲಿ ಮನೆಯವರದಷ್ಟೇ ಹೋಳು ಇರುತ್ತಿತ್ತು. ಈಗಿನ ಕಥೆ ಕೇಳಿ. ನಮ್ಮ ರೈಲಿಗೆ ಗಾಲಿಯೇ ಇಲ್ಲ. ತೇಲುಗಾಡಿ ಎನ್ನುತ್ತೇವೆ, ಹಳಿಯಿಂದ ಒಂದು ಗೇಣು ಮೇಲೆ ತೇಲಿಕೊಂಡು ಹೋಗುತ್ತದೆ. ಬೇರೆ ವಾಹನಗಳದೂ ಅದೇ ಪಾಡು. ನಿಂಬೆಹಣ್ಣು ಇಡೋಣವೆಂದರೆ ಇಡೀ ಓಣಿಯಲ್ಲಿ ಉಳಿದ ಗಾಲಿಗಳೆಂದರೆ ನಮ್ಮ ಕಪಾಟಿನವು ಮಾತ್ರ! ಹೀಗಾಗಿ ನವಮಿಯ ದಿನ ಓಣಿಗೆ ಓಣಿಯೇ ನಿಂಬೆಹಣ್ಣು ಹಿಡಿದು ನಮ್ಮ ಪಡಸಾಲೆಗೆ ಬರುತ್ತದೆ. “ಮೋನವ್ವಾ, ನಮ್ದೊಂದು ಹೋಳು ಇಡವಾ, ಹೊಸಾ ಗಾಡಿ ತಗೊಂಡೇವಿ” ಎಂದು ಹೊಸ್ತಿಲಲ್ಲಿ ಸಾಲು ನಿಲ್ಲುತ್ತಾರೆ. ಒಂದು ಗಾಲಿಗೆ ಮೂರು ಹೋಳು, ನಾಲ್ಕು ಹೋಳು. ನಾನು ಹಿಗ್ಗಿನಿಂದ ಇಡಿಸುತ್ತಿದ್ದೆ. ನಮ್ಮ ಮನೆತನದ ದೊಡ್ಡಸ್ತಿಕೆ ಅದು ಎಂದುಕೊಂಡಿದ್ದೆ.

ಈಗ ನನ್ನ ತಂಗಿಯ ವಿಷಯ. ಅವಳ ಹೆಸರು ಕಾಳವ್ವ, ನನಗಿಂತ ಐದು ವರ್ಷ ಚಿಕ್ಕವಳು. ಕಪಾಟಿನ ಕೀಲಿಕೈಯನ್ನು ಅಪ್ಪ ಅವಳಿಗೆ ಕೊಟ್ಟಿದ್ದರು, ಹಿರಿಯಳಾದ ನನಗೆ ಕೊಡಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಟ್ಟು ಪ್ರಯೋಜನವೇನು? ಅವಳೋ ನಿಯಮ ಮುರಿಯುವುದಕ್ಕೇ ಹುಟ್ಟಿದವಳು. ನವಮಿ ಇರಲಿ ಬಿಡಲಿ, ಮನಸ್ಸು ಬಂದ ದಿನ ಎಂಜಿನ್ ತೆಗೆದು ಪಡಸಾಲೆಯ ಕಂಬದ ಸುತ್ತ ಹಳಿ ಜೋಡಿಸಿ, ಗಾಲಿಗೆ ಎಣ್ಣೆ ಬಿಟ್ಟು ಓಡಿಸುತ್ತಿದ್ದಳು. ಅದರಲ್ಲೂ ಒಂದು ಹಸಿರು ಎಂಜಿನ್ ಅವಳ ಪ್ರಾಣ. ಪೂಜೆಯ ದಿನ ಅದರ ಗಾಲಿಯ ಕೆಳಗಿನ ನಿಂಬೆಹೋಳನ್ನು ಯಾರೂ ನೋಡದಾಗ ಎಳೆದು, ಉಪ್ಪು ಹಚ್ಚಿ ಚೀಪಿಬಿಡುತ್ತಿದ್ದಳು. ಚಿಕ್ಕವಳಿದ್ದಾಗ ಮಾಡಿದಳು ಸರಿ, ಇಪ್ಪತ್ತೆಂಟು ವರ್ಷದ ಕತ್ತೆಯಾದ ಮೇಲೂ ಮಾಡುತ್ತಿದ್ದಳು.

ಮೂವತ್ತೆಂಟು ವರ್ಷದ ಹಿಂದಿನ ಖಂಡೆ ನವಮಿ. ಓಣಿಯೆಲ್ಲ ನೆರೆದಿತ್ತು. ಅಪ್ಪ ಕೈಯಾರೆ ದೊಡ್ಡ ಕರಿ ಎಂಜಿನ್ನನ್ನು ಪೂಜೆಗೆಂದು ಎತ್ತಿ ಹಳಿಯ ಮೇಲೆ ಇಟ್ಟರು. ಇಟ್ಟದ್ದೇ ತಡ, ಮುಂದಿನ ಗಾಲಿ ಹುರಿಗಡಲೆಯ ಹಾಗೆ ಪುಡಿಪುಡಿಯಾಗಿ ಹಳಿಯ ಮೇಲೆ ಸುರಿಯಿತು. ಅಪ್ಪ ಆ ಪುಡಿಯನ್ನು ಅಂಗೈಗೆ ಬಾಚಿಕೊಳ್ಳುವುದನ್ನು ಎಲ್ಲರೂ ನೋಡಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಇಕೀನ ಮುರದಾಳ! ದಿನಾ ತಗದು ಉರುಳಸ್ತಾಳ, ನಾ ಕಣ್ಣಾರೆ ಕಂಡೇನಿ” ಎಂದು ನಾಲ್ಕು ಜನರ ಮುಂದೆ ಬೆರಳು ತೋರಿಸಿದೆ. ಕಾಳವ್ವ ನನ್ನ ಮುಖ ನೋಡಿ ಹೇಳಿದ್ದಿಷ್ಟೇ. “ಅಕ್ಕಾ, ಮುಟ್ಟೇನಿ, ಓಡಿಸೇನಿ, ಖರೆ. ಮುರದಿಲ್ಲ.” ನಾನು ಸುಮ್ಮನಾಗಬೇಕಿತ್ತು. “ಮನೀ ಮರ್ಯಾದಿ ಮುರದಿ, ಇನ್ನೇನ ಮುರೀಬೇಕಿತ್ತ?” ಎಂದೆ. ಅವಳು ಕೀಲಿಕೈಯನ್ನು ಪೂಜೆಯ ತಟ್ಟೆಯಲ್ಲಿಟ್ಟು ವಿಜಯಪುರಕ್ಕೆ ಹೊರಟುಹೋದಳು. ಅಪ್ಪನ ದಿನಕರ್ಮಕ್ಕೆ ಬಂದಾಗಲೂ ಹೊಸ್ತಿಲಿನ ಆಚೆಯೇ ನಿಂತು ಕೈಮುಗಿದು ಹೋದಳು. ನಾನು ಒಳಗೆ ಬಾ ಎನ್ನಲಿಲ್ಲ, ಅವಳು ಕೇಳಲಿಲ್ಲ.

ಅಜ್ಜಾ, ಅವಳು ಹೋದ ಮೇಲೂ ಗಾಲಿಗಳು ಉದುರುತ್ತಲೇ ಇದ್ದವು. ಕೆಲವು ವರ್ಷ ಒಂದು ಎಂಜಿನ್, ಒಮ್ಮೊಮ್ಮೆ ಎರಡು, ಕೆಲವು ವರ್ಷ ಒಂದೂ ಇಲ್ಲ. ಆಗಲಾದರೂ ನನಗೆ ತಿಳಿಯಬಾರದೇ? ‘ಅವಳು ಮೊದಲು ಮಾಡಿಟ್ಟ ಹಾಳು ಈಗ ಹೊರಬರುತ್ತಿದೆ’ ಎಂದು ನನಗೆ ನಾನೇ ಹೇಳಿಕೊಂಡೆ. ಒಮ್ಮೆ ಬೆರಳು ತೋರಿಸಿದ ಮೇಲೆ ಅದನ್ನು ಮಡಚುವುದು ಎಷ್ಟು ಕಷ್ಟವೆಂದು ಯಾವ ಟಿಪ್ಪಣಿ ಪುಸ್ತಕವೂ ಬರೆದಿರುವುದಿಲ್ಲ. ಕಳೆದ ವರ್ಷದ ನವಮಿಯಲ್ಲಿ ಪೂಜೆಗಿಡುತ್ತಿದ್ದ ಕೊನೆಯ ಎಂಜಿನ್ನೂ ಕುಸಿಯಿತು. ಓಡುವಂಥದ್ದು ಒಂದೂ ಉಳಿಯಲಿಲ್ಲ. ಆ ದಿನ ನಾನು ಕಪಾಟಿನ ಮುಂದೆ ಕೂತು ಅತ್ತೆ.

ಈ ಶ್ರಾವಣ ಕಳೆದ ಮೇಲೆ ಲೋಹವೈದ್ಯೆಯನ್ನು ಕರೆಸಿದೆ. ಹಳೆಯ ಲೋಹಗಳ ಕಾಯಿಲೆ ನೋಡುವವರಿಗೆ ಈಗ ಹಾಗೆನ್ನುತ್ತಾರೆ. ಮೆಹರುನ್ನಿಸಾ ನದಾಫ್ ಎಂದು ಹೆಸರು, ಚುರುಕು ಹುಡುಗಿ. ಒಂದು ಗಾಲಿಯ ಪುಡಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದವಳೇ, “ಯವ್ವಾ, ಇವಕ್ಕ ಯಾರರ ಹುಳಿ ಕುಡಿಸ್ಯಾರೇನು?” ಎಂದು ಕೇಳಿದಳು. ನಾನು ಪದ್ಧತಿಯನ್ನು ವಿವರಿಸಿದೆ. ಅವಳಿಗೆ ನಗು ತಡೆಯಲಾಗಲಿಲ್ಲ, ನನ್ನ ಮುಖ ಕಂಡು ನಿಲ್ಲಿಸಿದಳು. ಈ ಪುಟ್ಟ ಗಾಲಿಗಳು ಸತು ಬೆರೆತ ಲೋಹದವು, ನಿಂಬೆಯ ಹುಳಿ ಸತುವನ್ನು ತಿನ್ನುತ್ತದೆ. ಲಾರಿಯ ರಬ್ಬರ್ ಗಾಲಿಗೆ ಒಂದು ಹಣ್ಣಿನಿಂದ ಏನಾದೀತು? ನಿಮ್ಮ ಬೆರಳುಗಾತ್ರದ ಗಾಲಿ ವರ್ಷಕ್ಕೊಮ್ಮೆ ಒಂದು ಇಡೀ ದಿನ ಹುಳಿಯಲ್ಲಿ ನೆನೆಯಿತು, ನೂರೈವತ್ತು ವರ್ಷ ನೆನೆಯಿತು. ಬಿಸಿಲಿನಿಂದ, ಜಿಡ್ಡಿನಿಂದ, ತೇವದಿಂದ ಕಾಪಾಡಿದೆವು. ಕೊಂದದ್ದು ಪೂಜೆ.

ಆಮೇಲೆ ಅವಳು ಸೆಳೆಖಾನೆಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ತೀರಾ ಕೆಳಗಿನದರಲ್ಲಿ, ಧೋತರದ ಬಟ್ಟೆಯ ಗಂಟಿನಲ್ಲಿ ಹಸಿರು ಎಂಜಿನ್ ಇತ್ತು. ಕಾಳವ್ವ ಹೋದ ದಿನ ಸಿಟ್ಟಿನಲ್ಲಿ ನಾನೇ ಗಂಟು ಕಟ್ಟಿ ಮೂಲೆಗೆ ತಳ್ಳಿದ್ದೆ. ಅದಕ್ಕೆ ಅರಿಶಿನ ಕುಂಕುಮವಿಲ್ಲ, ನಿಂಬೆಹೋಳಿಲ್ಲ, ಯುಗಾದಿಯ ಅದಲುಬದಲಿನಲ್ಲಿ ಪಾಲಿಲ್ಲ. ಅವಳ ಮೇಲಿನ ಮುನಿಸನ್ನು ಆ ಎಂಜಿನ್ನಿನ ಮೇಲೂ ತೀರಿಸಿಕೊಂಡಿದ್ದೆ. ಮೆಹರುನ್ನಿಸಾ ಎರಡು ಹನಿ ಎಣ್ಣೆ ಬಿಟ್ಟು ಹಳಿಯ ಮೇಲಿಟ್ಟಳು. ಒಮ್ಮೆ ಕೆಮ್ಮಿತು, ಮತ್ತೆ ಕಂಬದ ಸುತ್ತ ಗಿರಗಿರನೆ ಓಡಿತು! “ಎಣ್ಣಿ ಕಂಡ ಗಾಲಿ ಇದು. ಆಗಾಗ ಓಡಿಸಿದವ್ರು ಯಾರೋ ಪುಣ್ಯಾತ್ಮರು, ಅದರಿಂದ ಬದಕೇತಿ” ಎಂದಳು. ಮೂವತ್ತನಾಲ್ಕರಲ್ಲಿ ಉಳಿದದ್ದು ಒಂದೇ, ನಾನು ಪೂಜಿಸದೇ ಬಿಟ್ಟದ್ದು, ಅವಳು ನಿಯಮ ಮುರಿದು ಹೋಳು ಕದ್ದದ್ದು.

ಅಂದೇ ಕಾಳವ್ವನಿಗೆ ಗೋಡೆಮಾತು ಕಳಿಸಿದೆ. ಬರೆದವರ ಕೈಬರಹ ಪಡೆದವರ ಗೋಡೆಯ ಮೇಲೆ ಹಾಗೆಯೇ ಮೂಡುತ್ತದೆ, ಅದು ನಮ್ಮ ಕಾಲದ ಟಪಾಲು. ನಾಲ್ಕು ಸಲ ಬರೆದು ಅಳಿಸಿದೆ. ಮೊದಲಿನ ಮೂರರಲ್ಲಿ ನೆಪಗಳಿದ್ದವು. ಕೊನೆಗೆ ಇಷ್ಟು ಬರೆದೆ. “ನೀ ಮುರದಿದ್ದಿಲ್ಲ. ತಪ್ಪು ನಂದು. ನಾಲ್ಕ ಮಂದಿ ಮುಂದ ಅಂದಿದ್ದೆ, ನಾಲ್ಕ ಮಂದಿ ಮುಂದನ ಹೇಳತೀನಿ. ನವಮಿಗೆ ಬಂದು ಹಸರ ಎಂಜಿನ್ ನೀನ ಓಡಸು.” ಹದಿಮೂರು ದಿನವಾಯಿತು, ಗೋಡೆ ಖಾಲಿ. ನವಮಿಗೆ ಇನ್ನು ಒಂಬತ್ತೇ ದಿನ. ಓಣಿಯವರಿಗೆಲ್ಲ ಈ ಸಲ ನಿಂಬೆಹಣ್ಣು ತರಬೇಡಿ ಎಂದು ಹೇಳಿದ್ದೇನೆ. ಯಾಕೆಂದು ಕೇಳಿದವರಿಗೆ, ನವಮಿಯ ದಿನ ಹೇಳುತ್ತೇನೆ ಎಂದಿದ್ದೇನೆ. ಅವಳು ಬರದೇ ಹೋದರೆ ಆ ಮಾತನ್ನು ಯಾರ ಮುಖ ನೋಡಿ ಹೇಳಲಿ? ಅವಳಿಗೂ ಅರವತ್ತಾರು. ನಮಗೆ ಬಹಳ ನವಮಿಗಳು ಉಳಿದಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ಮೊದಲ ನವಮಿಯಂದು ಆ ಹೋಳನ್ನು ಗಾಲಿಯ ಕೆಳಗೆ ಇಡಬೇಡಿ. ನೀವು ಇಡದಿದ್ದರೆ ಮಗನೂ ಇಡುವುದಿಲ್ಲ, ಓಣಿಯೂ ಇಡುವುದಿಲ್ಲ, ಕರಿ ಎಂಜಿನ್ನಿನ ಗಾಲಿ ಅಪ್ಪನ ಕೈಯಲ್ಲಿ ಸುರಿಯುವುದಿಲ್ಲ. ಆಗ ನನಗೆ ಈ ಓಲೆ ಬರೆಯುವ ಕಾರಣವೇ ಇರದು ಎನ್ನುವಿರಿ. ಇರದೇ ಹೋಗಲಿ ಬಿಡಿ. ಮೂವತ್ತೆಂಟು ವರ್ಷ ಆ ಕಳ್ಳಿಯ ಜೊತೆ ಒಂದೇ ಮನೆಯಲ್ಲಿ, ಕೀಲಿಕೈಗಾಗಿ ದಿನವೂ ಜಗಳವಾಡಿಕೊಂಡು ಇರುತ್ತೇನೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ ಎಂದು ಈಗ ತಿಳಿದಿದೆ.

ಇಷ್ಟು ಬರೆದು ಕಾಗದ ಮಡಚಬೇಕೆನ್ನುವಾಗ ಎದುರಿನ ಗೋಡೆಯ ಮೇಲೆ ಅಕ್ಷರ ಮೂಡಿದವು. ಕಾಳವ್ವನ ಅಕ್ಷರ ಮೊದಲಿನಿಂದಲೂ ಬಲಕ್ಕೆ ವಾಲುತ್ತವೆ, ಗುರುತು ಸಿಗದೇ ಇರುತ್ತದೆಯೇ? ಎರಡೇ ಮಾತು.

“ಬರ್ತೀನಿ. ಉಪ್ಪು ತಗದಿಡು.”

ಅಜ್ಜಾ, ಬೇಡಿಕೆಯನ್ನು ಸ್ವಲ್ಪ ತಿದ್ದುತ್ತೇನೆ. ನಿಂಬೆಹಣ್ಣು ತನ್ನಿ, ಹೋಳು ಮಾಡಿ, ಆದರೆ ತಟ್ಟೆಯಲ್ಲಿಡಿ. ತಟ್ಟೆಯನ್ನು ಮಕ್ಕಳ ಕೈಗೆ ಎಟುಕುವ ಹಾಗೆ ಇಡಿ, ಪಕ್ಕಕ್ಕೆ ಚಿಟಿಕೆ ಉಪ್ಪು ಇರಲಿ.

ನಿಮ್ಮ ಕಪಾಟಿನ ಕಾವಲಿಗಿರುವ,
ಮೋನವ್ವ